ಫಿಲೋಮಿನಮ್ಮನವರನ್ನು ಸಂತರ ಪಟ್ಟಿಯಿಂದ ತೆಗೆದುಹಾಕಿದ್ದಾರಾ? ತಿಳಿದವರು ಹೇಳಿ

ಲಷ್ಕರ್_ಮೊಹಲ್ಲಾ_ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಊರಿಂದ ಬಂದ ನೆಂಟರನ್ನು ಮೈಸೂರಿನ ಫಿಲೋಮಿನಾ ಚರ್ಚಿಗೆ ಕರೆದುಕೊಂಡು ಹೋಗಿದ್ದೆ. ಅಜ್ಜಿಯೂ ಬಂದರು. ಅವರಿಗೆ 84 ವರ್ಷ. ಮೊಣಕಾಲು ನೋವಿದ್ದರೂ ನನ್ನ ತೋಳು ಹಿಡಿದುಕೊಂಡು ನೆಲಮಾಳಿಗೆಗೆ ಇಳಿದರು. ಅಲ್ಲಿ ಮಲಗಿರುವ ಸಂತ ಫಿಲೋಮಿನಾ ಪ್ರತಿಮೆ ಮುಂದೆ ನಿಂತು ಜಪಸರ ಹಿಡಿದಿದ್ದರು.

ಪಕ್ಕದಲ್ಲೇ ಒಬ್ಬ ಗೈಡ್ ಪ್ರವಾಸಿಗಳಿಗೆ ಹೇಳುತ್ತಿದ್ದ. "ಈಕೆ ಈಗ ಸಂತಳೇ ಅಲ್ಲ. 1961ರಲ್ಲಿ ಪೋಪ್ ಪಟ್ಟಿಯಿಂದ ಹೆಸರು ಹೊಡೆದುಹಾಕಿದರು." ಅಜ್ಜಿಗೆ ಅದು ಸರಿಯಾಗಿ ಕೇಳಿಸಿತು. ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. ರಾತ್ರಿ ಊಟ ಆದ ಮೇಲೆ ನನ್ನನ್ನು ಕರೆದು ಕೇಳಿದರು: "ಹಾಗಾದ್ರೆ ಎಪ್ಪತ್ತು ವರ್ಷ ನಾನು ಯಾರ ಹತ್ರ ಬೇಡ್ಕೊಂಡೆ ಮಗಾ?"

ಅಜ್ಜಿಗೆ ಜ್ಞಾನಸ್ನಾನದಲ್ಲಿ ಇಟ್ಟಿದ್ದೂ ಅದೇ ಸಂತಳ ಹೆಸರು. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಸಮಾಧಾನದ ಮಾತು ಬೇಡ. ನಿಜ ಏನು ಅಂತ ತಿಳಿದವರು ಹೇಳಿ.

ಹಳೇ_ಉಪದೇಶಿ

ಮಗಳೇ, ಅಜ್ಜಿಯ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಬಹಳ ವರ್ಷ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಟ್ಟವನು ನಾನು. ಈ ಪ್ರಶ್ನೆ ನನಗೂ ಬೇರೆ ಬೇರೆ ರೂಪದಲ್ಲಿ ಬಂದಿದೆ.

ಗೈಡ್ ಎರಡು ಮಾತನ್ನು ಒಂದು ಮಾಡಿಬಿಟ್ಟಿದ್ದಾನೆ. ಸಂತರ ಪಟ್ಟಿ ಬೇರೆ, ಪೂಜೆಯ ಕ್ಯಾಲೆಂಡರ್ ಬೇರೆ. ಯಾವ ದಿನ ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಯಾವ ಸಂತರ ನೆನಪು ಮಾಡಬೇಕು ಅನ್ನುವುದು ಕ್ಯಾಲೆಂಡರ್. ನಮ್ಮ ಮನೆಗಳಲ್ಲಿ ಪಂಚಾಂಗ ಇದ್ದ ಹಾಗೆ. 1961ರ ಫೆಬ್ರವರಿಯಲ್ಲಿ ರೋಮ್‌ನಿಂದ ಬಂದ ಸೂಚನೆ ಹೇಳಿದ್ದು, ಆಗಸ್ಟ್ 11ರ ಫಿಲೋಮಿನಾ ಹಬ್ಬವನ್ನು ಕ್ಯಾಲೆಂಡರ್‌ಗಳಿಂದ ತೆಗೆಯಿರಿ ಎಂದು. "ಈಕೆ ಸಂತಳಲ್ಲ" ಎಂದು ಅದರಲ್ಲಿ ಹೇಳಿಲ್ಲ. "ಈಕೆಯ ಹತ್ತಿರ ಪ್ರಾರ್ಥಿಸಬೇಡಿ" ಎಂದೂ ಹೇಳಿಲ್ಲ.

1969ರಲ್ಲಿ ಪೋಪ್ ಆರನೇ ಪೌಲರು ಇಡೀ ಕ್ಯಾಲೆಂಡರ್ ತಿದ್ದಿದಾಗ ಸಂತ ಕ್ರಿಸ್ತೋಫರರ ಹಬ್ಬವೂ ಸಾರ್ವತ್ರಿಕ ಕ್ಯಾಲೆಂಡರ್‌ನಿಂದ ಹೋಯಿತು. ಆಗಲೂ ಜನ "ಕ್ರಿಸ್ತೋಫರ್ ಸಂತ ಅಲ್ಲವಂತೆ" ಅಂತ ಮಾತಾಡಿಕೊಂಡರು. ಅವರು ಈಗಲೂ ಸಂತರೇ.

ಗಂಗೋತ್ರಿ_ಎಂಎ

ಮೇಷ್ಟ್ರು ಹೇಳಿದ್ದು ಸರಿ. ಆದರೆ ಅಕ್ಕ ನಿಜ ಕೇಳಿದ್ದಾರೆ, ಆದ್ದರಿಂದ ಇನ್ನರ್ಧವನ್ನೂ ಹೇಳಬೇಕು. ಗೈಡ್ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ.

ರೋಮ್‌ನಲ್ಲಿ ಪ್ರಿಸಿಲ್ಲಾ ಎಂಬ ಹೆಸರಿನ ಕಟಕೋಂಬ್ ಇದೆ. ಕಟಕೋಂಬ್ ಅಂದರೆ ನೆಲದಡಿ ಕೊರೆದ ಸುರಂಗಗಳ ಸಮಾಧಿ ಸ್ಥಳ. ಮೊದಲ ಶತಮಾನಗಳ ಕ್ರೈಸ್ತರು ಸತ್ತವರನ್ನು ಅಲ್ಲಿ ಹೂಳುತ್ತಿದ್ದರು. 1802ರ ಮೇ ತಿಂಗಳಲ್ಲಿ ಅಲ್ಲೊಂದು ಸಮಾಧಿ ಸಿಕ್ಕಿತು. ಅದನ್ನು ಮುಚ್ಚಿದ್ದು ಮೂರು ಸುಟ್ಟ ಮಣ್ಣಿನ ಹಲಗೆಗಳು. ಮೇಲೆ ಲಂಗರು, ಬಾಣ, ಖರ್ಜೂರದ ಗರಿಯ ಚಿತ್ರ. ಜೊತೆಗೆ ಬರಹ. ಇದ್ದ ಕ್ರಮದಲ್ಲಿ ಓದಿದರೆ "ಲುಮೇನ – ಪಾಕ್ಸ್ ತೆ – ಕುಂ ಫಿ". ಅರ್ಥವಿಲ್ಲ. ಮೊದಲ ಹಲಗೆಯನ್ನು ಕೊನೆಗೆ ಇಟ್ಟರೆ "ಪಾಕ್ಸ್ ತೇಕುಂ ಫಿಲುಮೇನ". ಅಂದರೆ "ಫಿಲುಮೇನಾ, ನಿನಗೆ ಶಾಂತಿ". ಒಳಗೆ ಚಿಕ್ಕ ಹುಡುಗಿಯೊಬ್ಬಳ ಮೂಳೆಗಳು, ಪಕ್ಕದಲ್ಲಿ ಒಂದು ಗಾಜಿನ ಸೀಸೆ. ಸೀಸೆಯಲ್ಲಿದ್ದದ್ದು ರಕ್ತ ಎಂದು ಆಗಿನವರು ನಂಬಿದರು. ಗರಿ ಹುತಾತ್ಮರ ಗುರುತು. ಹಾಗಾಗಿ ನಂಬಿಕೆಗಾಗಿ ಪ್ರಾಣ ಕೊಟ್ಟ ಹುಡುಗಿ ಎಂದು ತೀರ್ಮಾನಿಸಿದರು.

1805ರಲ್ಲಿ ಆ ಅವಶೇಷ ನೇಪಲ್ಸ್ ಹತ್ತಿರದ ಮುನ್ಯಾನೋ ಎಂಬ ಊರಿಗೆ ಹೋಯಿತು. ಅಲ್ಲಿಂದ ಭಕ್ತಿ ಬೆಂಕಿಯಂತೆ ಹರಡಿತು. ಈಗ ನಾವು ಕೇಳುವ ಆಕೆಯ ಜೀವನದ ಕಥೆ, ರಾಜಕುಮಾರಿ, ಚಕ್ರವರ್ತಿ ಮದುವೆ ಕೇಳಿದ್ದು, ಬಾಣ ಬಿಟ್ಟಿದ್ದು, ಇವೆಲ್ಲ ಬಂದದ್ದು 1833ರಲ್ಲಿ ಒಬ್ಬ ಸನ್ಯಾಸಿನಿ ತನಗೆ ಕಂಡಿತು ಎಂದು ಹೇಳಿದ ದರ್ಶನದಿಂದ. ಹಳೆಯ ದಾಖಲೆ ಒಂದೂ ಇಲ್ಲ. 20ನೇ ಶತಮಾನದ ಆರಂಭದಲ್ಲಿ ಒರಾಸಿಯೋ ಮರೂಕಿ ಎಂಬ ಪುರಾತತ್ವ ತಜ್ಞರು ಇನ್ನೊಂದು ಪ್ರಶ್ನೆ ಎತ್ತಿದರು. ಆ ಹಲಗೆಗಳು ಹಳೆಯ ಬೇರೊಂದು ಸಮಾಧಿಯದ್ದು, ಅವನ್ನೇ ಮತ್ತೆ ಬಳಸಿದ್ದಾರೆ, ಅದಕ್ಕೇ ಕ್ರಮ ತಪ್ಪಿದೆ ಎಂದರು. ಹಾಗಾದರೆ ಒಳಗಿದ್ದ ಹುಡುಗಿಯ ಹೆಸರು ಫಿಲುಮೇನಾ ಅನ್ನುವುದಕ್ಕೂ ಆಧಾರ ಇಲ್ಲ. 1961ರ ತೀರ್ಮಾನದ ಹಿಂದೆ ಇಂಥ ಅನುಮಾನಗಳಿದ್ದವು.

ಇನ್ನೊಂದು ವಿಷಯ. ಈಕೆಗೆ ಸಂತ ಪದವಿಯ ವಿಧಿವತ್ತಾದ ವಿಚಾರಣೆ ಯಾವತ್ತೂ ನಡೆದಿಲ್ಲ. 1837ರಲ್ಲಿ ಪೋಪ್ ಹದಿನಾರನೇ ಗ್ರೆಗರಿಯವರು ಆಕೆಯ ಹಬ್ಬ ಆಚರಿಸಲು ಅನುಮತಿ ಕೊಟ್ಟರು, ಅಷ್ಟೇ.

ಲಷ್ಕರ್_ಮೊಹಲ್ಲಾ_ಮೊಮ್ಮಗಳು

ಇಷ್ಟು ವಿವರವಾಗಿ ಬರೆದದ್ದಕ್ಕೆ ಥ್ಯಾಂಕ್ಸ್. ಆದರೆ ಕೊನೆಯ ಸಾಲು ಓದಿ ಇನ್ನೂ ಜಾಸ್ತಿ ಗಾಬರಿ ಆಯಿತು. ವಿಚಾರಣೆಯೇ ನಡೆದಿಲ್ಲ ಅಂದರೆ ಸಂತ ಅನ್ನುವುದು ಹೇಗೆ?

ಹಳೇ_ಉಪದೇಶಿ

ಗಾಬರಿ ಬೇಡ. ಯೇಸುವಿನ ಶಿಷ್ಯ ಪೇತ್ರರಿಗೂ ವಿಚಾರಣೆ ನಡೆದಿಲ್ಲ. ಪೌಲರಿಗೂ ಇಲ್ಲ. ಸಂತ ಆಗ್ನೆಸ್‌ಗೂ ಇಲ್ಲ.

ಮೊದಮೊದಲು ಹುತಾತ್ಮರ ಸಮಾಧಿ ಹತ್ತಿರ ಜನ ಸೇರುತ್ತಿದ್ದರು. ಪ್ರಾಣ ಬಿಟ್ಟ ದಿನ ಅಲ್ಲೇ ಬಲಿಪೂಜೆ ಮಾಡುತ್ತಿದ್ದರು. ಆ ಊರಿನ ಧರ್ಮಾಧ್ಯಕ್ಷರು (ಬಿಷಪ್) ಒಪ್ಪಿದರೆ ಸಾಕಿತ್ತು. ಪೋಪ್ ಒಬ್ಬರು ಸಂತರನ್ನು ಘೋಷಿಸಿದ ಮೊದಲ ಖಚಿತ ದಾಖಲೆ 993ರದು. ಆಗ್ಸ್‌ಬರ್ಗ್‌ನ ಉಲ್ರಿಕ್ ಎಂಬ ಧರ್ಮಾಧ್ಯಕ್ಷರದು. ಈ ಅಧಿಕಾರ ಪೋಪ್‌ಗೆ ಮಾತ್ರ ಎಂದು ಕಾನೂನಿನಲ್ಲಿ ಸೇರಿದ್ದು 1234ರಲ್ಲಿ. ಈಗಿನ ಕಟ್ಟುನಿಟ್ಟಿನ ಕ್ರಮಕ್ಕೆ ಬುನಾದಿ ಬಿದ್ದದ್ದು 17ನೇ ಶತಮಾನದಲ್ಲಿ.

ಈಗಿನ ಕ್ರಮದಲ್ಲಿ ನಾಲ್ಕು ಮೆಟ್ಟಿಲು. ಮೊದಲು ದೇವರ ಸೇವಕ. ಆಮೇಲೆ ಪೂಜ್ಯ. ಆಮೇಲೆ ಧನ್ಯ. ಕೊನೆಗೆ ಸಂತ. ಧನ್ಯರಾಗಲು ಒಂದು ಅದ್ಭುತ ಸಾಬೀತಾಗಬೇಕು. ಹುತಾತ್ಮರಾಗಿದ್ದರೆ ಅದಕ್ಕೆ ವಿನಾಯಿತಿ. ಸಂತರಾಗಲು ಆಮೇಲೆ ನಡೆದ ಇನ್ನೊಂದು ಅದ್ಭುತ ಬೇಕು. ನಮ್ಮ ನೆರೆಯ ತಿರುವಾಂಕೂರಿನ ದೇವಸಹಾಯಂ ಪಿಳ್ಳೆಯವರನ್ನೇ ನೋಡಿ. 1745ರಲ್ಲಿ ಜ್ಞಾನಸ್ನಾನ, 1752ರಲ್ಲಿ ಗುಂಡೇಟಿಗೆ ಬಲಿ, 2012ರಲ್ಲಿ ಧನ್ಯ, 2022ರ ಮೇ 15ಕ್ಕೆ ಸಂತ. 270 ವರ್ಷ!

ಇದಕ್ಕೆ ಪೂರ್ತಿ ಉಲ್ಟಾ ನಮ್ಮ ದೋರನಹಳ್ಳಿ ಚರ್ಚಿನ ಸಂತ ಅಂತೋಣಿಯವರು. ಇಟಲಿಯ ಪಾದುವಾದಲ್ಲಿ ತೀರಿಕೊಂಡದ್ದು 1231ರ ಜೂನ್ 13. ಸಂತ ಎಂದು ಘೋಷಣೆಯಾದದ್ದು 1232ರ ಮೇ 30. ವರ್ಷ ಕೂಡ ತುಂಬಿರಲಿಲ್ಲ. ಮೈಸೂರಿನ ಜನ ಹೆಚ್ಚಾಗಿ ಹೋಗುವ ಎರಡು ಜಾಗ ಇವು, ಫಿಲೋಮಿನಾ ಚರ್ಚು ಮತ್ತು ದೋರನಹಳ್ಳಿ. ಒಬ್ಬರದು ಅತಿ ವೇಗದ ವಿಧಿವತ್ತಾದ ಘೋಷಣೆ. ಇನ್ನೊಬ್ಬರದು ವಿಚಾರಣೆ ಇಲ್ಲದೆ ಬೆಳೆದ ಭಕ್ತಿ. ಎರಡೂ ಧರ್ಮಸಭೆಯ ಇತಿಹಾಸದಲ್ಲಿ ಮೊದಲಿಂದ ಇರುವ ದಾರಿಗಳೇ.

ಮಂಡ್ಯ_ಆಲೆಮನೆ

ನಾನು ಕ್ರೈಸ್ತನಲ್ಲ. ತಪ್ಪು ಕೇಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ತಾಯಿ ಮಂಗಳವಾರ ದೋರನಹಳ್ಳಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಾರೆ. ಆದ್ದರಿಂದ ಕೇಳುವ ಸಲುಗೆ ಇದೆ ಅಂದುಕೊಂಡಿದ್ದೇನೆ.

ಮೇಷ್ಟ್ರೇ, ಧರ್ಮಸಭೆ ಅಂದಿರಿ, ಚರ್ಚ್ ಅಂದಿರಿ. ಎರಡೂ ಒಂದೇನಾ? ಮತ್ತೆ ನೀವು ದೇವರೊಬ್ಬನೇ ಅನ್ನುತ್ತೀರಿ. ಹಾಗಿದ್ದರೂ ಅಂತೋಣಿಯವರಿಗೆ ಪೂಜೆ, ಮರಿಯಮ್ಮನಿಗೆ ಪೂಜೆ ಅಂತೆಲ್ಲ ಇದೆಯಲ್ಲ? ನಮ್ಮಲ್ಲಿ ಇದು ಸಹಜ. ನಿಮ್ಮಲ್ಲಿ ಹೇಗೆ ಹೊಂದುತ್ತದೆ?

ಹಳೇ_ಉಪದೇಶಿ

ತಮ್ಮಾ, ಮೊದಲನೆಯದು ಸುಲಭ. ಕಲ್ಲು ಗಾರೆಯ ಕಟ್ಟಡ ದೇವಾಲಯ. ಜನ ಸೇರಿ ಆದದ್ದು ಧರ್ಮಸಭೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಅದಕ್ಕೇ ಗೊಂದಲ. ಈ ವಿಷಯದಲ್ಲಿ ಕನ್ನಡ ಎಷ್ಟೋ ವಾಸಿ.

ಎರಡನೆಯದರಲ್ಲಿ ಮಾತ್ರ ಕನ್ನಡ ನಮ್ಮನ್ನು ಕಷ್ಟಕ್ಕೆ ಸಿಕ್ಕಿಸುತ್ತದೆ. ಪೂಜೆ ಅನ್ನುವ ಒಂದೇ ಪದದಲ್ಲಿ ನಾವು ಎಲ್ಲವನ್ನೂ ತುಂಬಿಬಿಡುತ್ತೇವೆ. ಆಯುಧಪೂಜೆಯಲ್ಲಿ ಸೈಕಲ್ಲಿಗೂ ಪೂಜೆ. ಬಾವಿ ತೋಡಿದರೆ ಗಂಗೆಪೂಜೆ. ನಮ್ಮ ಹಳೆಯ ಕಥೋಲಿಕರು ಭಾನುವಾರದ ಬಲಿಪೂಜೆಗೂ "ಪೂಜೆಗೆ ಹೋಗಿ ಬಂದೆ" ಅನ್ನುತ್ತಾರೆ.

ದೈವಶಾಸ್ತ್ರದಲ್ಲಿ ಇದಕ್ಕೆ ಎರಡು ಗ್ರೀಕ್ ಪದ ಇವೆ. ಒಂದು ಲಾತ್ರಿಯಾ, ಇನ್ನೊಂದು ದೂಲಿಯಾ. ಲಾತ್ರಿಯಾ ಅಂದರೆ ಆರಾಧನೆ. ಸೃಷ್ಟಿಕರ್ತನಿಗೆ ಮಾತ್ರ ಸಲ್ಲುವುದು. ಪಿತ, ಸುತ, ಪವಿತ್ರಾತ್ಮ ಎಂಬ ತ್ರಿಯೇಕ ದೇವರಿಗೆ ಬಿಟ್ಟು ಇನ್ಯಾರಿಗೂ ಇಲ್ಲ. ದೂಲಿಯಾ ಅಂದರೆ ವಂದನೆ, ಗೌರವ. ಅದು ಸಂತರಿಗೆ. ಮರಿಯಮ್ಮನವರಿಗೆ ಅದರಲ್ಲೇ ಹೆಚ್ಚಿನ ಗೌರವ, ಹೈಪರ್‌ದೂಲಿಯಾ. ಎಷ್ಟೇ ಹೆಚ್ಚಾದರೂ ಅದು ವಂದನೆಯೇ, ಆರಾಧನೆ ಆಗುವುದಿಲ್ಲ. ಎತ್ತರದ ವ್ಯತ್ಯಾಸ ಅಲ್ಲ ಇದು, ಜಾತಿಯೇ ಬೇರೆ.

ಈ ಗೆರೆ ಸುಮ್ನೆ ಎಳೆದದ್ದಲ್ಲ. 8ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗಳು ಪ್ರತಿಮೆ, ಚಿತ್ರಪಟ ಒಡೆಸಿದರು. ಅವುಗಳನ್ನು ಉಳಿಸಿಕೊಳ್ಳಲು ಹೋಗಿ ಜನ ಸತ್ತರು. ಕೊನೆಗೆ 787ರಲ್ಲಿ ಧರ್ಮಾಧ್ಯಕ್ಷರು ಸೇರಿದ ನೈಸಿಯಾದ ಎರಡನೇ ಮಹಾಸಭೆ ಹೇಳಿತು: ಚಿತ್ರಕ್ಕೆ ತೋರುವ ಗೌರವ ಚಿತ್ರದಲ್ಲಿರುವವರಿಗೆ ಹೋಗುತ್ತದೆ, ಆದರೆ ಆರಾಧನೆ ದೇವರಿಗೆ ಮಾತ್ರ.

ನಿಮ್ಮ ತಾಯಿ ಮೇಣದಬತ್ತಿ ಹಚ್ಚುವುದನ್ನು ನಾನು ಆ ಗೆರೆಯಿಂದ ಅಳೆಯಲು ಹೋಗುವುದಿಲ್ಲ. ಅವರು ಪ್ರೀತಿಯಿಂದ ಬರುತ್ತಾರೆ. ಬರಲಿ.

ಸುವಾರ್ತೆ_ಓದುಗ

ನಾನು ಸಿಎಸ್‌ಐ (ಪ್ರೊಟೆಸ್ಟೆಂಟ್) ಸಭೆಯವನು, ಮೈಸೂರಿನವನೇ. ನೀವು ಶುಭಸಂದೇಶ ಅನ್ನುವುದನ್ನು ನಾವು ಸುವಾರ್ತೆ ಅನ್ನುತ್ತೇವೆ. ಮೇಷ್ಟ್ರ ವಿವರಣೆ ಗೌರವದಿಂದ ಓದಿದೆ. ಆದರೂ ಒಂದು ಮಾತು ಹೇಳಲೇಬೇಕು. ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯದಲ್ಲಿ ದೇವರಿಗೂ ಮನುಷ್ಯರಿಗೂ ನಡುವೆ ಕ್ರಿಸ್ತ ಯೇಸು ಒಬ್ಬನೇ ಮಧ್ಯಸ್ಥ ಎಂದಿದೆ. ಹಾಗಿರುವಾಗ ತೀರಿಹೋದವರ ಹತ್ತಿರ ಬೇಡಿಕೊಳ್ಳುವುದು ಯಾಕೆ? ಅಜ್ಜಿಯ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಅವರ ಮಾತನ್ನು ದೇವರೇ ನೇರವಾಗಿ ಕೇಳಿಸಿಕೊಂಡಿದ್ದಾನೆ.

ಹಳೇ_ಉಪದೇಶಿ

ಅಣ್ಣ, ನಿಮ್ಮ ಕೊನೆಯ ವಾಕ್ಯ ನನಗೂ ಒಪ್ಪಿಗೆ. ಪೂರ್ತಿ ಒಪ್ಪಿಗೆ.

ಮಧ್ಯಸ್ಥ ಒಬ್ಬನೇ ಅನ್ನುವುದನ್ನೂ ನಾವು ಅಲ್ಲಗಳೆಯುವುದಿಲ್ಲ. ನನಗೆ ಆಪರೇಷನ್ ಆದಾಗ ನಿಮ್ಮಂಥ ಗೆಳೆಯರಿಗೆ "ನನಗೋಸ್ಕರ ಪ್ರಾರ್ಥನೆ ಮಾಡಿ" ಅಂದೆ. ಅದರಿಂದ ಕ್ರಿಸ್ತನ ಜಾಗ ನಿಮಗೆ ಕೊಟ್ಟಂತೆ ಆಗಲಿಲ್ಲ. ಸಂತರ ಹತ್ತಿರ ಕೇಳುವುದೂ ಅದನ್ನೇ. ಅವರು ಸತ್ತವರಲ್ಲ, ದೇವರ ಬಳಿ ಬದುಕಿರುವವರು ಎಂಬುದು ನಮ್ಮ ವಿಶ್ವಾಸ. ಪ್ರೇಷಿತರ ವಿಶ್ವಾಸ ಪ್ರಮಾಣದಲ್ಲಿ "ಸಂತರ ಅನ್ಯೋನ್ಯತೆ" ಅನ್ನುವ ಮಾತು ಇದನ್ನೇ ಹೇಳುವುದು.

ಗಂಗೋತ್ರಿ_ಎಂಎ

ಈ ಭಿನ್ನಾಭಿಪ್ರಾಯದ ಬೇರು ಒಂದು ಕಡೆ ಪುಸ್ತಕಗಳ ಎಣಿಕೆಯಲ್ಲೂ ಇದೆ. ಕಥೋಲಿಕರ ಬೈಬಲ್‌ನಲ್ಲಿ 73 ಪುಸ್ತಕ. ಪ್ರೊಟೆಸ್ಟೆಂಟರದರಲ್ಲಿ 66. ಹೊಸ ಒಡಂಬಡಿಕೆ ಇಬ್ಬರಿಗೂ 27. ವ್ಯತ್ಯಾಸ ಹಳೆಯದರಲ್ಲಿ. ತೀರಿಹೋದ ಪ್ರವಾದಿ ಯೆರೆಮೀಯ ಜನರಿಗಾಗಿ ಪ್ರಾರ್ಥಿಸುತ್ತಿರುವ ದೃಶ್ಯ ಬರುವುದು ಎರಡನೇ ಮಕ್ಕಬಿಯರ ಪುಸ್ತಕದ 15ನೇ ಅಧ್ಯಾಯದಲ್ಲಿ. ಸತ್ತವರಿಗಾಗಿ ಪ್ರಾರ್ಥಿಸುವ ಮಾತು ಅದೇ ಪುಸ್ತಕದ 12ರಲ್ಲಿ. ಆ ಪುಸ್ತಕ 66ರಲ್ಲಿ ಇಲ್ಲ. ಟ್ರೆಂಟ್ ಮಹಾಸಭೆ 1546ರಲ್ಲಿ 73 ಪುಸ್ತಕಗಳ ಪಟ್ಟಿಯನ್ನು ಖಚಿತ ಮಾಡಿತು. ಹಾಗಾಗಿ ಇಬ್ಬರೂ "ಬೈಬಲ್‌ನಲ್ಲಿ ಇದೆ", "ಬೈಬಲ್‌ನಲ್ಲಿ ಇಲ್ಲ" ಅಂದಾಗ ಇಬ್ಬರೂ ತಮ್ಮ ಕೈಲಿರುವ ಪುಸ್ತಕವನ್ನೇ ಹೇಳುತ್ತಿರುತ್ತಾರೆ.

ಸುವಾರ್ತೆ_ಓದುಗ

ಇದು ಗೊತ್ತಿರಲಿಲ್ಲ. ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ನೀವು ಎಲ್ಲಿಂದ ಮಾತಾಡುತ್ತಿದ್ದೀರಿ ಅನ್ನುವುದು ಅರ್ಥವಾಯಿತು.

ಕೆ_ಆರ್_ನಗರ_ರಸ್ತೆ

ನನ್ನದೊಂದು ನೇರ ಪ್ರಶ್ನೆ. ಪೋಪ್ ತಪ್ಪು ಮಾಡುವುದಿಲ್ಲ ಅನ್ನುವುದು ನಮ್ಮ ಬೋಧನೆ ಅಲ್ವಾ? 1837ರಲ್ಲಿ ಒಬ್ಬ ಪೋಪ್ ಹಬ್ಬ ಮಾಡಿ ಅಂದರು. 1961ರಲ್ಲಿ ಇನ್ನೊಬ್ಬ ಪೋಪ್ ಕಾಲದಲ್ಲಿ ತೆಗೆಯಿರಿ ಅಂದರು. ಇಬ್ಬರಲ್ಲಿ ಒಬ್ಬರಾದರೂ ತಪ್ಪಿರಬೇಕಲ್ಲ?

ಹಳೇ_ಉಪದೇಶಿ

ಒಳ್ಳೆಯ ಪ್ರಶ್ನೆ. ಇದನ್ನು ಬಿಡಿಸದೆ ಅಜ್ಜಿಯ ಪ್ರಶ್ನೆಯೂ ಬಿಡಿಸಿದಂತೆ ಆಗುವುದಿಲ್ಲ.

"ಪೋಪ್ ತಪ್ಪು ಮಾಡುವುದಿಲ್ಲ" ಎಂದು ಧರ್ಮಸಭೆ ಎಲ್ಲೂ ಹೇಳಿಲ್ಲ. ಪೋಪ್ ಕೂಡ ಪಾಪನಿವೇದನೆ ಮಾಡುತ್ತಾರೆ. 1870ರಲ್ಲಿ ಮೊದಲನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು ತುಂಬಾ ಕಿರಿದಾದ ಮಾತು. ವಿಶ್ವಾಸದ ಬಗ್ಗೆ ಅಥವಾ ನೀತಿಯ ಬಗ್ಗೆ, ಇಡೀ ಧರ್ಮಸಭೆ ನಂಬಲೇಬೇಕು ಎಂದು, ಪೇತ್ರರ ಪೀಠದಿಂದ ಕೊನೆಯ ತೀರ್ಪಾಗಿ ಸಾರಿದಾಗ ಮಾತ್ರ ಆ ಬೋಧನೆಯಲ್ಲಿ ತಪ್ಪು ನುಸುಳುವುದಿಲ್ಲ. ಇದನ್ನು ಲ್ಯಾಟಿನ್‌ನಲ್ಲಿ ಎಕ್ಸ್ ಕಥೀದ್ರಾ ಅನ್ನುತ್ತಾರೆ. ಕಥೀದ್ರಾ ಅಂದರೆ ಪೀಠ. ಮಠಗಳ ನಾಡಿನಲ್ಲಿ ಹುಟ್ಟಿದವರಿಗೆ ಪೀಠ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಧರ್ಮಾಧ್ಯಕ್ಷರ ಪೀಠ ಇರುವ ದೇವಾಲಯವೇ ಕಥೀಡ್ರಲ್, ಕನ್ನಡದಲ್ಲಿ ಪ್ರಧಾನಾಲಯ. ನಮ್ಮ ಫಿಲೋಮಿನಾ ಚರ್ಚು ಮೈಸೂರು ಧರ್ಮಪ್ರಾಂತ್ಯದ ಪ್ರಧಾನಾಲಯ. ಅದಕ್ಕೆ ಸಂತ ಜೋಸೆಫರ ಹೆಸರೂ ಇದೆ.

1870ರ ನಂತರ ಹೀಗೆ ಪೀಠದಿಂದ ಸಾರಿದ್ದು ಒಂದೇ ಸಲ. 1950ರಲ್ಲಿ ಹನ್ನೆರಡನೇ ಪಯಸ್, ಮರಿಯಮ್ಮನವರು ಆತ್ಮ ಶರೀರ ಸಮೇತ ಸ್ವರ್ಗಕ್ಕೆ ಸ್ವೀಕೃತರಾದರು ಎಂದು ಸಾರಿದರು. ಆಗಸ್ಟ್ 15ರ ಹಬ್ಬ ಅದರದ್ದೇ. ಇಲ್ಲೂ ಪದ ನೋಡಿ. ಯೇಸುವಿನದು ಸ್ವರ್ಗಾರೋಹಣ, ತಾನೇ ಏರಿದ್ದು. ಮರಿಯಮ್ಮನವರದು ಸ್ವರ್ಗಸ್ವೀಕಾರ, ದೇವರು ಬರಮಾಡಿಕೊಂಡದ್ದು. ಎಷ್ಟೋ ಜನ ಎರಡಕ್ಕೂ ಒಂದೇ ಪದ ಹಾಕಿಬಿಡುತ್ತಾರೆ.

ಈಗ ನಿಮ್ಮ ಪ್ರಶ್ನೆ. ಹಬ್ಬಕ್ಕೆ ಅನುಮತಿ ಕೊಡುವುದು, ಹಬ್ಬ ತೆಗೆಯುವುದು, ಎರಡೂ ಆಡಳಿತದ ತೀರ್ಮಾನ. ಎರಡೂ ಪೀಠದಿಂದ ಬಂದ ಬೋಧನೆ ಅಲ್ಲ. ಒಂದನ್ನೊಂದು ಸುಳ್ಳು ಮಾಡುವುದೂ ಇಲ್ಲ. ಮೊದಲನೆಯದು ಭಕ್ತಿಗೆ ದಾರಿ ಮಾಡಿತು. ಎರಡನೆಯದು ಇತಿಹಾಸದ ಪುರಾವೆ ಸಾಲದ ಹೆಸರನ್ನು ಪೂಜೆಯ ಕ್ಯಾಲೆಂಡರ್‌ನಲ್ಲಿ ಇಡುವುದು ಬೇಡ ಅಂದಿತು.

ಕೆ_ಆರ್_ನಗರ_ರಸ್ತೆ

ಹಾಗಾದರೆ ದೋರನಹಳ್ಳಿ ಬಸಿಲಿಕಾ ಅಂದಮೇಲೆ ಅಲ್ಲೂ ಧರ್ಮಾಧ್ಯಕ್ಷರ ಪೀಠ ಇದೆಯಾ?

ಗಂಗೋತ್ರಿ_ಎಂಎ

ಇಲ್ಲ. ಬಸಿಲಿಕಾ ಅನ್ನುವುದು ಪೋಪ್ ಕೊಡುವ ಗೌರವದ ಹೆಸರು. ದೋರನಹಳ್ಳಿಗೆ ಅದು ಸಿಕ್ಕಿದ್ದು 2019ರಲ್ಲಿ. ಪೀಠ ಮೈಸೂರಿನಲ್ಲೇ ಇದೆ.

ಗಂಜಾಂ_ಕಡೆಯವ

ಕಟ್ಟಡದ ಮಾತು ಬಂತಲ್ಲ, ನಾನೂ ಸ್ವಲ್ಪ ಹೇಳುತ್ತೇನೆ. ಈಗಿನ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು 1933ರ ಅಕ್ಟೋಬರ್ 28ರಂದು. ಜರ್ಮನಿಯ ಕೊಲೋನ್ ಪ್ರಧಾನಾಲಯದ ಮಾದರಿ. ಅವಳಿ ಗೋಪುರ ಒಂದೊಂದೂ 175 ಅಡಿ. ಅದೇ ಜಾಗದಲ್ಲಿ ಮುಮ್ಮಡಿಯವರ ಕಾಲದ, 1843ರ ಚಿಕ್ಕ ಚರ್ಚು ಇತ್ತು.

ಸಂತಳ ಅವಶೇಷ ತರಿಸಿದ್ದು ಮಹಾರಾಜರ ಹುಜೂರ್ ಕಾರ್ಯದರ್ಶಿ ತಂಬುಚೆಟ್ಟಿಯವರು. ಪೋಪ್ ಪ್ರತಿನಿಧಿಯಾಗಿದ್ದ ಪಿಸಾನಿಯವರ ಮೂಲಕ 1926ರಲ್ಲಿ ಪಡೆದರು.

ಇಟಲಿಯ ಒಂದು ಹಳ್ಳಿಯ ಭಕ್ತಿ ಮೈಸೂರಿಗೆ ಹೇಗೆ ಬಂತು? ನನಗನಿಸುವುದು, ಫ್ರಾನ್ಸ್ ದಾರಿಯಾಗಿ. ಆರ್ಸ್ ಊರಿನ ಗುರು ಜಾನ್ ವಿಯಾನ್ನಿಯವರಿಗೆ ಫಿಲೋಮಿನಾ ಅಂದರೆ ಪ್ರಾಣ. ಲಿಯೋನ್‌ನ ಪೌಲಿನ್ ಜಾರಿಕೋ 1835ರಲ್ಲಿ ಮುನ್ಯಾನೋಗೆ ಹೋಗಿ ಕಾಯಿಲೆಯಿಂದ ಗುಣವಾದರು. ಮಿಷನ್‌ಗಳಿಗೆ ಜನರಿಂದ ಚಿಲ್ಲರೆ ಕಾಸು ಕೂಡಿಸುವ ಸಂಘ ಕಟ್ಟಿದವರೂ ಅವರೇ, 1822ರಲ್ಲಿ. ನಮ್ಮ ಮೈಸೂರು ಸೀಮೆಯಲ್ಲಿ ಕೆಲಸ ಮಾಡುತ್ತಿದ್ದವರೂ ಪ್ಯಾರಿಸ್ ಮಿಷನ್‌ನ ಫ್ರೆಂಚ್ ಗುರುಗಳೇ.

ಅವರು ಬಂದ ಕಾರಣವೂ ಧರ್ಮಸಭೆಯ ದೊಡ್ಡ ಇತಿಹಾಸಕ್ಕೆ ಸೇರಿದ್ದು. ಶ್ರೀರಂಗಪಟ್ಟಣದಲ್ಲಿ ಯೇಸುಸಭೆಯವರು (ಜೆಸ್ಯೂಟ್ ಗುರುಗಳು) ಕೆಲಸ ಮಾಡಿದ್ದು 17ನೇ ಶತಮಾನದಿಂದ, ಇಟಲಿಯ ಸಿನ್ನಮಿ ಗುರುಗಳಿಂದ ಶುರು. 1773ರಲ್ಲಿ ಪೋಪ್ ಆ ಸಭೆಯನ್ನೇ ವಿಸರ್ಜಿಸಿದರು. 1814ರ ತನಕ ಅದು ಮತ್ತೆ ಜೀವ ಪಡೆಯಲಿಲ್ಲ. ಆ ಖಾಲಿ ಜಾಗಕ್ಕೆ ಫ್ರೆಂಚರು ಬಂದರು. 1799ರ ಯುದ್ಧದ ನಂತರ ಇಲ್ಲಿಗೆ ಬಂದ ಅಬ್ಬೆ ದುಬಾಯ್ ಅವರನ್ನು ಜನ "ದೊಡ್ಡ ಸ್ವಾಮಿಯವರು" ಅನ್ನುತ್ತಿದ್ದರು. ಇಲ್ಲಿನವರ ಹಾಗೆ ಬಟ್ಟೆ ಉಟ್ಟು, ಸಸ್ಯಾಹಾರ ಉಂಡು, ಸಿಡುಬಿಗೆ ದಾಕು ಹಾಕಿಸಲು ಊರೂರು ಸುತ್ತಿದವರು. ಅವರ ಚರ್ಚು ಈಗಲೂ ನಮ್ಮ ಗಂಜಾಂನಲ್ಲಿದೆ. ಸಂಗಮಕ್ಕೆ ಹೋಗುವವರು ಒಮ್ಮೆ ನಿಂತು ನೋಡಿ. ತುಂಬಾ ಸರಳವಾದ ಕಟ್ಟಡ. ನನಗಂತೂ ಅವಳಿ ಗೋಪುರಕ್ಕಿಂತ ಅದೇ ಇಷ್ಟ.

ಮಂಡ್ಯ_ಆಲೆಮನೆ

ಗಂಜಾಂ ಅಣ್ಣ, ಮುಂದಿನ ವಾರವೇ ಹೋಗುತ್ತೇನೆ.

ಮೇಷ್ಟ್ರೇ, ಇನ್ನೊಂದು ಪದ ತಲೆಯಲ್ಲಿ ಕೊರೆಯುತ್ತಿದೆ. ಬಲಿಪೂಜೆ ಅನ್ನುತ್ತೀರಿ. ಬಲಿ ಯಾವುದು? ರೊಟ್ಟಿ ದೇಹ ಆಗುತ್ತದೆ ಅಂತ ಗೆಳೆಯನೊಬ್ಬ ಹೇಳಿದ್ದ. ಕಬ್ಬಿನ ಹಾಲು ಕುದಿದು ಬೆಲ್ಲ ಆಗುತ್ತದಲ್ಲ, ಹಾಗಾ?

ಹಳೇ_ಉಪದೇಶಿ

ಆಲೆಮನೆಯವರ ಉದಾಹರಣೆ ಚೆನ್ನಾಗಿದೆ. ಎಲ್ಲಿ ಹೊಂದುವುದಿಲ್ಲ ಅನ್ನುವುದನ್ನು ನೋಡಿದರೆ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹಾಲು ಬೆಲ್ಲ ಆದಾಗ ಬಣ್ಣ ಬದಲಾಯಿತು. ತೂಕ, ರೂಪ ಬದಲಾಯಿತು. ಆದರೆ ಒಳಗಿನ ಸಿಹಿ ಮೊದಲಿನದೇ. ಹೊರಗಿನದು ಬದಲಾಗಿ ಒಳಗಿನದು ಉಳಿಯಿತು. ಪರಮಪ್ರಸಾದದಲ್ಲಿ, ಅಂದರೆ ಬಲಿಪೂಜೆಯಲ್ಲಿ ಕೊಡುವ ರೊಟ್ಟಿಯಲ್ಲಿ, ಇದು ತಿರುಗುಮುರುಗು. ರೊಟ್ಟಿಯ ಬಣ್ಣ, ರುಚಿ, ಆಕಾರ ಎಲ್ಲ ಹಾಗೇ ಇರುತ್ತದೆ. "ಇದು ಏನು" ಎಂದು ಕೇಳಿದರೆ ಬರುವ ಉತ್ತರ ಮಾತ್ರ ಬದಲಾಗುತ್ತದೆ. ಇದು ಈಗ ಕ್ರಿಸ್ತನ ಶರೀರ. ಈ ಬದಲಾವಣೆಗೆ ಲ್ಯಾಟಿನ್‌ನಲ್ಲಿ ಒಂದು ಉದ್ದನೆಯ ಪದ ಇದೆ, ಟ್ರಾನ್ಸ್‌ಸಬ್‌ಸ್ಟಾನ್ಸಿಯೇಷಿಯೋ. 1215ರ ಲ್ಯಾಟೆರನ್ ಮಹಾಸಭೆ ಅದನ್ನು ಬಳಸಿತು. ಟ್ರೆಂಟ್ ಮಹಾಸಭೆ ಖಚಿತ ಮಾಡಿತು. ಕನ್ನಡದಲ್ಲಿ ನಾನು ಮಕ್ಕಳಿಗೆ "ರೂಪ ಅದೇ, ಸಾರ ಬೇರೆ" ಅಂತಲೇ ಹೇಳಿಕೊಡುತ್ತಿದ್ದೆ.

ಬಲಿ ಅಂದರೆ ಶಿಲುಬೆಯ ಮೇಲೆ ಕ್ರಿಸ್ತ ತನ್ನನ್ನೇ ಅರ್ಪಿಸಿಕೊಂಡದ್ದು. ಪ್ರತಿ ಭಾನುವಾರ ಹೊಸ ಬಲಿ ಅಲ್ಲ. ಆ ಒಂದೇ ಬಲಿ ನಮ್ಮ ಮುಂದೆ ಬರುತ್ತದೆ. ರಕ್ತ ಇಲ್ಲ, ಕತ್ತಿ ಇಲ್ಲ.

ವಯನಾಡಿಂದ_ಮಂಡ್ಯಕ್ಕೆ

ನಾನು ಮಂಡ್ಯದಲ್ಲಿ ನರ್ಸ್. ಕನ್ನಡ ಬರೆಯುವುದು ಕಲಿತು ಐದು ವರ್ಷ ಆಯಿತು, ತಪ್ಪಿದ್ದರೆ ತಿದ್ದಿ. ನಾವು ಕೇರಳದ ಸೀರೋ ಮಲಬಾರ್ ಕಥೋಲಿಕರು. ನೀವು ಬಲಿಪೂಜೆ ಅನ್ನುವುದನ್ನು ನಾವು ಕುರ್ಬಾನ ಅನ್ನುತ್ತೇವೆ. ಸಿರಿಯಾಕ್ ಭಾಷೆಯ ಪದ. ಅರ್ಪಣೆ ಎಂದು ಅರ್ಥ. ಬಕ್ರೀದ್‌ನ ಕುರ್ಬಾನಿ ಕೂಡ ಅದೇ ಬೇರಿನಿಂದ ಬಂದದ್ದು.

ಡ್ಯೂಟಿಯಲ್ಲಿ ನನ್ನನ್ನು ಎಲ್ಲರೂ ಕೇಳುತ್ತಾರೆ. ಮೈಸೂರಿನಲ್ಲಿ ಒಬ್ಬ ಬಿಷಪ್ ಇದ್ದಾರೆ, ಮಂಡ್ಯ ಅವರಿಗೇ ಸೇರುತ್ತದೆ. ಹಾಗಿದ್ದೂ ಮಂಡ್ಯದ ಹೆಸರಲ್ಲಿ ಇನ್ನೊಬ್ಬ ಬಿಷಪ್ ಯಾಕೆ? ಜಗಳವಾಗಿ ಒಡೆದು ಹೋದಿರಾ ಅಂತ. ಹಾಗೇನೂ ಇಲ್ಲ. ಮೈಸೂರು ಧರ್ಮಪ್ರಾಂತ್ಯ ಲ್ಯಾಟಿನ್ ಸಂಪ್ರದಾಯದ್ದು, 1886ರದು. ಮಂಡ್ಯದ್ದು ಸೀರೋ ಮಲಬಾರ್‌ನದು, 2010ರಲ್ಲಿ ಆದದ್ದು. ಒಂದೇ ನೆಲ, ಎರಡು ಪೂಜಾವಿಧಿ. ಪೋಪ್ ಒಬ್ಬರೇ, ವಿಶ್ವಾಸ ಒಂದೇ, ಏಳು ಸಂಸ್ಕಾರಗಳೂ ಒಂದೇ. ಕಥೋಲಿಕ ಧರ್ಮಸಭೆಯಲ್ಲಿ ಹೀಗೆ ಸ್ವಂತ ಆಡಳಿತ ಇರುವ 24 ಸಭೆಗಳು ಇವೆ. ಲ್ಯಾಟಿನ್ ಒಂದು, ಪೂರ್ವದವು 23. ನಾನು ಮೈಸೂರಿಗೆ ಹೋದಾಗ ಫಿಲೋಮಿನಾ ಚರ್ಚಿನಲ್ಲೇ ಪರಮಪ್ರಸಾದ ತೆಗೆದುಕೊಳ್ಳುತ್ತೇನೆ.

ಅಕ್ಕ, ಅಜ್ಜಿ ಹೇಗಿದ್ದಾರೆ? ಅದನ್ನು ಯಾರೂ ಕೇಳಲಿಲ್ಲ.

ಹಳೇ_ಉಪದೇಶಿ

ನಿಜ. ನಾನು ಪಾಠ ಮಾಡುತ್ತಾ ಕೂತುಬಿಟ್ಟೆ. ಅಜ್ಜಿ ಹೇಗಿದ್ದಾರೆ ಮಗಳೇ?

ಲಷ್ಕರ್_ಮೊಹಲ್ಲಾ_ಮೊಮ್ಮಗಳು

ಎರಡು ದಿನ ಇಲ್ಲಿ ಬರೆಯಲು ಆಗಲಿಲ್ಲ, ಕ್ಷಮಿಸಿ. ನಿನ್ನೆ ಸಂಜೆ ಅಜ್ಜಿಯ ಹತ್ತಿರ ಕೂತೆ. ಏನೂ ಮುಚ್ಚಿಡಲಿಲ್ಲ. ಕ್ಯಾಲೆಂಡರ್ ವಿಷಯ ಹೇಳಿದೆ. ವಿಚಾರಣೆ ನಡೆದಿಲ್ಲ ಅನ್ನುವುದನ್ನೂ ಹೇಳಿದೆ. ಹುಡುಗಿಯ ಹೆಸರು ಅದೇ ಅಲ್ಲದೆ ಇರಬಹುದು ಅನ್ನುವುದನ್ನೂ ಹೇಳಿದೆ. ಅದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು.

ಆಮೇಲೆ ಮೂರು ಚೀಟಿ ಹರಿದೆ. ಒಂದರ ಮೇಲೆ "ಲುಮೇನ", ಒಂದರ ಮೇಲೆ "ಪಾಕ್ಸ್ ತೆ", ಇನ್ನೊಂದರ ಮೇಲೆ "ಕುಂ ಫಿ" ಎಂದು ದೊಡ್ಡದಾಗಿ ಕನ್ನಡದಲ್ಲಿ ಬರೆದೆ. ಸಮಾಧಿಯ ಮೇಲೆ ಇದ್ದ ಕ್ರಮದಲ್ಲೇ ಚಾಪೆ ಮೇಲೆ ಇಟ್ಟೆ. ಅಜ್ಜಿ ಕನ್ನಡಕ ಹಾಕಿಕೊಂಡು ಓದಿದರು. "ಪಾಕ್ಸ್" ಅನ್ನುವಲ್ಲಿ ಬೆರಳು ನಿಂತಿತು. "ಇದು ನನಗೆ ಗೊತ್ತು" ಅಂದರು.

ಅಜ್ಜಿ ಚಿಕ್ಕವರಿದ್ದಾಗ ಪೂಜೆ ಲ್ಯಾಟಿನ್‌ನಲ್ಲೇ ಇತ್ತಂತೆ. ಎರಡನೇ ವ್ಯಾಟಿಕನ್ ಮಹಾಸಭೆ ಆಗಿ ಕನ್ನಡ ಬರುವ ಹೊತ್ತಿಗೆ ಅವರಿಗೆ ಮದುವೆಯಾಗಿ ಮಕ್ಕಳಿದ್ದರು. ಗುರುಗಳು ರೊಟ್ಟಿ ಮುರಿದ ಮೇಲೆ "ಪಾಕ್ಸ್ ದೋಮಿನಿ ಸಿತ್ ಸೆಂಪೆರ್ ವೋಬಿಸ್ಕುಂ" ಅನ್ನುತ್ತಿದ್ದರು, ಹುಡುಗರು "ಎತ್ ಕುಂ ಸ್ಪಿರಿತು ತುವೊ" ಅನ್ನುತ್ತಿದ್ದರು ಅಂತ ಪೂರ್ತಿ ಸ್ವರ ಸಮೇತ ಹೇಳಿ ತೋರಿಸಿದರು. ನಾನು ಅದನ್ನು ಅವರ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ. ಅರ್ಥ ಏನು ಅಂತ ಕೇಳಿದೆ. "ಶಾಂತಿ ಅಂತ ಕಣೇ. ಈಗ ಕನ್ನಡದಲ್ಲಿ ಹೇಳಲ್ವಾ, ಪ್ರಭುವಿನ ಶಾಂತಿ ಸದಾ ನಿಮ್ಮೊಡನೆ ಇರಲಿ ಅಂತ, ಅದೇ."

ಆಮೇಲೆ ಅವರೇ ಮೊದಲ ಚೀಟಿ ಎತ್ತಿ ಕೊನೆಗೆ ಇಟ್ಟರು. ನಾನು ಹೇಳಿಕೊಟ್ಟಿರಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಹೆಸರು ಬೇರೆ ಇದ್ರೂ ಒಂದು ಹುಡುಗಿ ಅಲ್ಲಿ ಮಲಗಿತ್ತಲ್ಲ. ಆ ಮಗೂಗೆ ಯಾರೋ ಶಾಂತಿ ಅಂತ ಬರೆದಿದ್ದಾರೆ. ನಾನು ಅವಳ ಹತ್ರಾನೇ ಬೇಡ್ಕೊಂಡಿದ್ದು."

ಚೀಟಿಗಳನ್ನು ಪ್ರಾರ್ಥನೆ ಪುಸ್ತಕದ ಒಳಗೆ ಇಟ್ಟುಕೊಂಡಿದ್ದಾರೆ. ಆಗಸ್ಟ್ 11ಕ್ಕೆ ಮತ್ತೆ ಕರೆದುಕೊಂಡು ಹೋಗು ಅಂದಿದ್ದಾರೆ. ಮೆಟ್ಟಿಲು ಇಳಿಯಲು ಒಬ್ಬಳೇ ಹಿಡಿದುಕೊಳ್ಳುವುದು ಕಷ್ಟ.

ವಯನಾಡಿಂದ_ಮಂಡ್ಯಕ್ಕೆ

ಆಗಸ್ಟ್ 11 ನನಗೆ ರಜೆ ಹಾಕಿಸಿಕೊಳ್ಳುತ್ತೇನೆ. ಇನ್ನೊಂದು ತೋಳು ನಾನು ಹಿಡಿಯುತ್ತೇನೆ ಅಕ್ಕ.

ಮಂಡ್ಯ_ಆಲೆಮನೆ

ಬಸ್ಸಿಗೆ ಕಾಯಬೇಡಿ, ಮಂಡ್ಯದಿಂದ ನಮ್ಮ ಕಾರಿನಲ್ಲೇ ಬನ್ನಿ. ನಮ್ಮ ತಾಯಿಯೂ ಬರುತ್ತಾರಂತೆ. ಅಜ್ಜಿಗೆ ಒಂದು ಅಚ್ಚು ಬೆಲ್ಲ ತರುತ್ತೇನೆ.